ಅಕಿಲೀಸನ ಹಿಮ್ಮಡಿಯ ಕಥೆ ಹೋಮರನ ಇಲಿಯಡ್‌ನಲ್ಲಿ ಇದೆಯೇ?

ಪ್ರಾಚೀನ ಗ್ರೀಕ್ ಪುರಾಣಗಳನ್ನು ಓದಲು ತೊಡಗಿದವರು ಬಹುಬೇಗ ಕೇಳುವ ಪ್ರಶ್ನೆಯಿದು. ಗ್ರೀಕ್ ವೀರ ಅಕಿಲೀಸ್ ಮಗುವಾಗಿದ್ದಾಗ ಅವನ ತಾಯಿ, ಸಮುದ್ರದೇವತೆ ಥೆಟಿಸ್, ಅವನನ್ನು ಹಿಮ್ಮಡಿಯಲ್ಲಿ ಹಿಡಿದು, ತಲೆಕೆಳಗಾಗಿ ಪಾತಾಳದ ಸ್ಟಿಕ್ಸ್ ನದಿಯಲ್ಲಿ ಅದ್ದಿದಳು. ನೀರು ತಾಗಿದ ಮೈಯೆಲ್ಲ ವಜ್ರದಂತಾಯಿತು. ಅವಳ ಬೆರಳುಗಳ ಮರೆಯಲ್ಲಿ ಉಳಿದ ಹಿಮ್ಮಡಿ ಮಾತ್ರ ಸಾಮಾನ್ಯ ಮನುಷ್ಯರದಂತೆಯೇ ಉಳಿಯಿತು. ಕೊನೆಗೆ ಟ್ರಾಯ್‌ನ ರಾಜಕುಮಾರ ಪ್ಯಾರಿಸ್ ಬಿಟ್ಟ ಬಾಣ ಅಲ್ಲಿಗೇ ನಾಟಿ ಅಕಿಲೀಸ್ ಸತ್ತ. ಈ ಕಥೆಯನ್ನು ಶಾಲೆಯಲ್ಲೋ ಮಕ್ಕಳ ಪುಸ್ತಕದಲ್ಲೋ ಕೇಳಿಕೊಂಡು ಬೆಳೆದವರು ಇಲಿಯಡ್ ಕಾವ್ಯವನ್ನು ಕೈಗೆತ್ತಿಕೊಂಡು, ಕೊನೆಯ ಪುಟದವರೆಗೂ ಹುಡುಕಿ, ಎಲ್ಲಿಯೂ ಸಿಗದೆ, ತಾವು ಓದಿದ್ದು ಸಂಕ್ಷಿಪ್ತ ಅನುವಾದವಿರಬೇಕೆಂದು ಅನುಮಾನಿಸುತ್ತಾರೆ. ಅನುವಾದದ ದೋಷ ಅದರಲ್ಲಿಲ್ಲ. ಇಲಿಯಡ್‌ನಲ್ಲಿ ಹಿಮ್ಮಡಿಯ ಕಥೆಯಿಲ್ಲ, ಮಗುವನ್ನು ಸ್ಟಿಕ್ಸ್ ನದಿಯಲ್ಲಿ ಅದ್ದಿದ ಪ್ರಸಂಗವಿಲ್ಲ, ಅಕಿಲೀಸನ ಸಾವಿನ ವರ್ಣನೆಯೂ ಇಲ್ಲ.

ಇಲಿಯಡ್ ಗ್ರೀಕರು ಟ್ರಾಯ್ ನಗರದ ಮೇಲೆ ನಡೆಸಿದ ಹತ್ತು ವರ್ಷಗಳ ಯುದ್ಧದ ಪೂರ್ಣ ಕಥೆಯಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಹದಿನೈದು ಸಾವಿರಕ್ಕೂ ಹೆಚ್ಚು ಸಾಲುಗಳ, 24 ಸರ್ಗಗಳ ಈ ಕಾವ್ಯ ಯುದ್ಧದ ಹತ್ತನೆಯ ವರ್ಷದ ಸುಮಾರು 50 ದಿನಗಳನ್ನು ಮಾತ್ರ ಹೇಳುತ್ತದೆ. ಅಕಿಲೀಸನ ಕ್ರೋಧದಿಂದ ಆರಂಭವಾಗಿ, ಅವನ ಕೈಯಿಂದ ಹತನಾದ ಟ್ರಾಯ್‌ನ ರಾಜಕುಮಾರ ಹೆಕ್ಟರನ ಅಂತ್ಯಕ್ರಿಯೆಯೊಂದಿಗೆ ಮುಗಿಯುತ್ತದೆ. ಆ ಹೊತ್ತಿಗೆ ಅಕಿಲೀಸ್ ಇನ್ನೂ ಬದುಕಿದ್ದಾನೆ. ಆದರೆ ಅವನಿಗೆ ಉಳಿದಿರುವುದು ಕೆಲವೇ ದಿನಗಳೆಂಬುದು ಓದುಗರಿಗೂ ಗೊತ್ತು, ಅವನಿಗೂ ಗೊತ್ತು. 18ನೆಯ ಸರ್ಗದಲ್ಲಿ ತಾಯಿಯೇ ಅವನಿಗೆ, ಹೆಕ್ಟರನ ಸಾವಿನ ಬೆನ್ನಿಗೆ ನಿನ್ನ ಸಾವೂ ಕಾದಿದೆಯೆಂದು ಅಳುತ್ತ ಹೇಳುತ್ತಾಳೆ. 19ನೆಯ ಸರ್ಗದಲ್ಲಿ ಅವನ ರಥದ ಕುದುರೆ ಕ್ಸಾಂಥಸ್ ಮನುಷ್ಯವಾಣಿಯಿಂದ ಅದನ್ನೇ ನುಡಿಯುತ್ತದೆ. 22ನೆಯ ಸರ್ಗದಲ್ಲಿ ಪ್ರಾಣ ಬಿಡುತ್ತಿರುವ ಹೆಕ್ಟರ್, ಟ್ರಾಯ್ ಕೋಟೆಯ ಸ್ಕೀಯನ್ ಬಾಗಿಲಿನ ಬಳಿ ಪ್ಯಾರಿಸನೂ ಅಪೊಲೊ ದೇವನೂ ನಿನ್ನನ್ನು ಕೊಲ್ಲುವರೆಂದು ಹೆಸರು ಹಿಡಿದೇ ಹೇಳುತ್ತಾನೆ. ಕೊಲ್ಲುವವರು ಯಾರು, ಸ್ಥಳ ಯಾವುದು ಎಂದು ಇಷ್ಟು ಸ್ಪಷ್ಟವಾಗಿ ಹೇಳುವ ಕಾವ್ಯ ಬಾಣ ಎಲ್ಲಿ ನಾಟುತ್ತದೆಂದು ಮಾತ್ರ ಹೇಳುವುದೇ ಇಲ್ಲ.

ಹೇಳದೆ ಬಿಟ್ಟದ್ದನ್ನು ಹೋಮರ್ ಮನಸ್ಸಿನಲ್ಲಿಟ್ಟುಕೊಂಡಿರಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಕಾವ್ಯದ ಸಾಲುಗಳೇ ಅದಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತವೆ. 21ನೆಯ ಸರ್ಗದಲ್ಲಿ ಆಸ್ಟೆರೊಪಾಯಸ್ ಎಂಬ ವೀರ ಎದುರಾಗುತ್ತಾನೆ. ಎರಡು ಕೈಗಳಿಂದಲೂ ಸಮನಾಗಿ ಈಟಿ ಎಸೆಯಬಲ್ಲ ಅವನು ಒಮ್ಮೆಗೇ ಎರಡು ಈಟಿಗಳನ್ನು ಎಸೆಯುತ್ತಾನೆ. ಒಂದು ಗುರಾಣಿಗೆ ಬಡಿಯುತ್ತದೆ, ಇನ್ನೊಂದು ಅಕಿಲೀಸನ ಬಲಗೈಯನ್ನು ಮೊಣಕೈಯ ಬಳಿ ಗೀರಿಕೊಂಡು ಹೋಗುತ್ತದೆ, ಕಪ್ಪುರಕ್ತ ಚಿಮ್ಮುತ್ತದೆ. ಅದೇ ಸರ್ಗದ ಕೊನೆಯಲ್ಲಿ ಅಜೆನೋರ್ ಎಂಬ ಟ್ರಾಯ್‌ನ ಯೋಧ, ಓಡಿಹೋಗಲೋ ನಿಲ್ಲಲೋ ಎಂದು ತನ್ನೊಳಗೇ ವಾದಿಸಿಕೊಳ್ಳುತ್ತ, ಇವನ ಮೈಯನ್ನೂ ಹರಿತವಾದ ಕಂಚು ಸೀಳಬಲ್ಲದು, ಇವನಿಗಿರುವುದೂ ಒಂದೇ ಪ್ರಾಣ, ಜನ ಇವನನ್ನೂ ಮರ್ತ್ಯನೆಂದೇ ಹೇಳುತ್ತಾರೆ ಎಂದು ಧೈರ್ಯ ತಂದುಕೊಳ್ಳುತ್ತಾನೆ. ಅವನೆಸೆದ ಈಟಿ ಅಕಿಲೀಸನ ಮೊಣಕಾಲಿನ ಕೆಳಗೆ ಬಡಿದು, ಹೊಸ ತವರದ ಕಾಲ್ಗವಚಕ್ಕೆ ತಾಗಿ ಹಿಂದಕ್ಕೆ ಚಿಮ್ಮುತ್ತದೆ. ಇಲ್ಲಿ ಅವನನ್ನು ಉಳಿಸಿದ್ದು ಚರ್ಮವಲ್ಲ, ಲೋಹ.

ಆ ಲೋಹದ ಕಥೆಯನ್ನು ಇನ್ನಷ್ಟು ಗಮನಿಸಬೇಕು, ಏಕೆಂದರೆ ಇಲಿಯಡ್‌ನ ಇಡೀ ತಿರುವು ಅದರ ಮೇಲೆಯೇ ನಿಂತಿದೆ. ಅಕಿಲೀಸ್ ತನ್ನ ಕವಚವನ್ನು ಗೆಳೆಯ ಪಾಟ್ರೊಕ್ಲಸನಿಗೆ ತೊಡಿಸಿ ಕಳುಹಿಸುತ್ತಾನೆ. ಹೆಕ್ಟರ್ ಪಾಟ್ರೊಕ್ಲಸನನ್ನು ಕೊಂದು ಅದನ್ನು ತಾನೇ ತೊಟ್ಟುಕೊಳ್ಳುತ್ತಾನೆ. ಕವಚವಿಲ್ಲದೆ ಯುದ್ಧಕ್ಕೆ ಇಳಿಯಬೇಡವೆಂದು ಮಗನನ್ನು ತಡೆದ ಥೆಟಿಸ್, ದೇವಶಿಲ್ಪಿ ಹಿಫೆಸ್ಟಸನ ಬಳಿಗೆ ಹೋಗಿ ಒಂದೇ ರಾತ್ರಿಯಲ್ಲಿ ಹೊಸ ಕವಚವನ್ನು ಮಾಡಿಸಿ ತರುತ್ತಾಳೆ. ಶಸ್ತ್ರ ನಾಟದ ಮೈಯಿದ್ದ ಮಗನಿಗಾಗಿ ತಾಯಿ ಇಷ್ಟು ಅಲೆಯಬೇಕಾಗಿರಲಿಲ್ಲ. ಆ ಗುರಾಣಿಯನ್ನು ಹಿಡಿದ ಮೇಲೂ, 20ನೆಯ ಸರ್ಗದಲ್ಲಿ ಟ್ರಾಯ್‌ನ ವೀರ ಈನಿಯಸನ ಈಟಿ ಬರುವಾಗ, ಅದು ತೂರಿ ಬಂದೀತೆಂಬ ಭಯದಿಂದ ಅಕಿಲೀಸ್ ಗುರಾಣಿಯನ್ನು ಮೈಯಿಂದ ದೂರ ಚಾಚಿ ಹಿಡಿಯುತ್ತಾನೆ. ನನ್ನನ್ನು ಪ್ರತಿಸಲವೂ ತಡೆದು ನಿಲ್ಲಿಸುವ ಇನ್ನೊಂದು ಸಂಗತಿಯೆಂದರೆ, ರಕ್ಷಣೆಯಿಲ್ಲದ ಒಂದೇ ಒಂದು ಜಾಗ ಎಂಬ ಕಲ್ಪನೆ ಇಲಿಯಡ್‌ನಲ್ಲಿ ಇದೆ, ಆದರೆ ಅದು ಹೆಕ್ಟರನದು. ಅಕಿಲೀಸನದೇ ಹಳೆಯ ಕವಚವನ್ನು ತೊಟ್ಟ ಹೆಕ್ಟರನ ಮೈಯಲ್ಲಿ, ಕೊರಳೂ ಭುಜದ ಎಲುಬೂ ಸೇರುವಲ್ಲಿ ಮಾತ್ರ ಒಂದಿಷ್ಟು ಚರ್ಮ ಕಾಣುತ್ತಿತ್ತು. ಈಟಿ ನಾಟುವ ಜಾಗ ಎಲ್ಲಿದೆಯೆಂದು ಕಣ್ಣಿಟ್ಟು ಹುಡುಕಿದ ಅಕಿಲೀಸ್ ಅಲ್ಲಿಗೇ ಈಟಿ ಇಳಿಸುತ್ತಾನೆ.

ಹೋಮರನ ಅಕಿಲೀಸ್ ದೇವತೆಯ ಮಗನಾದರೂ ಪೂರ್ಣ ಮರ್ತ್ಯನೇ ಆಗಿರಬೇಕಾದದ್ದಕ್ಕೆ ಕಾರಣ 9ನೆಯ ಸರ್ಗದಲ್ಲಿದೆ. ಅಲ್ಲಿ ಅವನು ತನ್ನ ಮುಂದಿರುವ ಎರಡು ದಾರಿಗಳನ್ನು ಹೇಳಿಕೊಳ್ಳುತ್ತಾನೆ: ಇಲ್ಲಿಯೇ ನಿಂತು ಹೋರಾಡಿದರೆ ಊರಿಗೆ ಮರಳುವಂತಿಲ್ಲ, ಆದರೆ ಅಳಿಯದ ಕೀರ್ತಿಯುಂಟು, ಊರಿಗೆ ಮರಳಿದರೆ ಕೀರ್ತಿಯಿಲ್ಲ, ದೀರ್ಘಾಯುಸ್ಸುಂಟು. ದನಕುರಿಗಳನ್ನು ಮತ್ತೆ ಸಂಪಾದಿಸಬಹುದು, ಹಲ್ಲಿನ ಬೇಲಿಯನ್ನು ದಾಟಿಹೋದ ಉಸಿರನ್ನು ಮತ್ತೆ ತರಲಾಗದು ಎಂದೂ ಅವನು ಹೇಳುತ್ತಾನೆ. ಮೈಯೆಲ್ಲ ಅಭೇದ್ಯವಾಗಿದ್ದು ಹಿಮ್ಮಡಿಯೊಂದನ್ನು ಜೋಪಾನ ಮಾಡಿಕೊಂಡರೆ ಸಾಕಾಗುತ್ತಿದ್ದ ವೀರನ ಬಾಯಲ್ಲಿ ಈ ಮಾತಿಗೆ ತೂಕವೇ ಇರುತ್ತಿರಲಿಲ್ಲ.

ಹಾಗಾದರೆ ಹಿಮ್ಮಡಿ ಎಲ್ಲಿಂದ ಬಂತು? ಎರಡು ಬೇರೆ ಬೇರೆ ಎಳೆಗಳು ಬಹುಕಾಲ ಒಂದನ್ನೊಂದು ಮುಟ್ಟದೆ ಹರಿದು, ಆಮೇಲೆ ಸೇರಿಕೊಂಡವು. ಮೊದಲ ಎಳೆ ಗಾಯದ್ದು. ಇಲಿಯಡ್ ನಿಲ್ಲಿಸಿದಲ್ಲಿಂದ ಮುಂದಿನ ಕಥೆಯನ್ನು ಹೇಳುತ್ತಿದ್ದ ‘ಈಥಿಯೊಪಿಸ್’ ಎಂಬ ಕಾವ್ಯ ಈಗ ಕಳೆದುಹೋಗಿದೆ. ಅದರ ಕಥಾಸಾರವನ್ನು ಪ್ರೊಕ್ಲಸ್ ಎಂಬವನು ಬರೆದಿಟ್ಟದ್ದು ಉಳಿದಿದೆ. ಟ್ರಾಯ್ ಊರೊಳಗೆ ನುಗ್ಗುತ್ತಿದ್ದ ಅಕಿಲೀಸನನ್ನು ಪ್ಯಾರಿಸನೂ ಅಪೊಲೊನೂ ಕೊಂದರೆಂದು ಆ ಸಾರದಲ್ಲಿದೆ, ಗಾಯದ ಜಾಗದ ಮಾತಿಲ್ಲ. ಆದರೆ ಕ್ರಿ.ಪೂ. 540ರ ಸುಮಾರಿನ ಒಂದು ಗ್ರೀಕ್ ಚಿತ್ರಿತ ಪಾತ್ರೆಯ ಮೇಲೆ ಆ ದೃಶ್ಯ ಬಿಡಿಸಲ್ಪಟ್ಟಿತ್ತು. ಪಾತ್ರೆಯೂ ಈಗ ಇಲ್ಲ, ಅದರ ರೇಖಾಚಿತ್ರದ ಪ್ರತಿ ಮಾತ್ರ ಉಳಿದಿದೆ. ಅದರಲ್ಲಿ ಸತ್ತು ಬಿದ್ದ ಅಕಿಲೀಸನ ಕಾಲಿನ ಹರಡಿನ ಬಳಿ ಒಂದು ಬಾಣ ತೂರಿದೆ. ಅಷ್ಟೇ ಅಲ್ಲ, ಅವನ ಮೈಯಲ್ಲಿ ಇನ್ನೊಂದು ಬಾಣವೂ ನೆಟ್ಟಿದೆ. ಈ ಎರಡನೆಯ ಬಾಣ ಬಹಳ ಬೆಲೆಯುಳ್ಳ ಸಾಕ್ಷಿ. ಕಾಲಿಗೆ ಬಾಣ ತಗುಲಿದ ಕಥೆ ಆ ಕಾಲಕ್ಕಾಗಲೇ ಜನರಿಗೆ ಗೊತ್ತಿತ್ತು, ಆದರೆ ಉಳಿದ ಮೈ ಅಭೇದ್ಯವೆಂಬ ನಂಬಿಕೆ ಆ ಚಿತ್ರಕಾರನಿಗೆ ಇರಲಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಕಾಲಿಗೆ ನಾಟಿದ ಬಾಣದ ನೆರಳು ಇಲಿಯಡ್‌ನಲ್ಲಿಯೂ ಒಂದೆಡೆ ಬಿದ್ದಿದೆ ಎನ್ನಬಹುದು. 11ನೆಯ ಸರ್ಗದಲ್ಲಿ ಪ್ಯಾರಿಸ್ ಗೋರಿಯ ಕಂಬದ ಮರೆಯಿಂದ ಬಾಣ ಬಿಟ್ಟು ಗ್ರೀಕ್ ವೀರ ಡಯೊಮೆಡಿಸನ ಬಲಪಾದವನ್ನು ನೆಲಕ್ಕೆ ನೆಡುತ್ತಾನೆ. ಡಯೊಮೆಡಿಸ್ ಅದನ್ನು ಹೆಣ್ಣೋ ಮಗುವೋ ಗೀರಿದಷ್ಟೇ ಎಂದು ಹೀಯಾಳಿಸಿದರೂ ಬಾಣ ಕಿತ್ತುಕೊಂಡು ರಣರಂಗ ಬಿಡಲೇಬೇಕಾಗುತ್ತದೆ. ಅದೇ ಬಿಲ್ಲುಗಾರ, ಅದೇ ಬಗೆಯ ಗಾಯ. ಅಕಿಲೀಸನಿಗೆ ಇಲಿಯಡ್ ಮತ್ತೆ ಮತ್ತೆ ಕೊಡುವ ವಿಶೇಷಣ ‘ಶೀಘ್ರಪಾದ’ ಎಂಬುದು. ಓಟದಲ್ಲಿ ಯಾರಿಗೂ ಸಿಗದವನನ್ನು ಕೊಲ್ಲಬೇಕಾದರೆ ಮೊದಲು ಅವನ ಕಾಲನ್ನು ಕೆಡವಬೇಕು, ಆಮೇಲೆ ಎರಡನೆಯ ಬಾಣ. ಹಳೆಯ ಕಥೆಯ ತರ್ಕ ಇಷ್ಟು ಸರಳವಾಗಿದ್ದಿರಬೇಕೆಂಬುದು ನನಗೆ ಒಪ್ಪಿಗೆಯಾಗುವ ವಿವರಣೆ.

ಎರಡನೆಯ ಎಳೆ ತಾಯಿಯದು, ಮತ್ತು ಅದರಲ್ಲಿ ಮೊದಲಿಗೆ ನೀರಿಲ್ಲ, ಬೆಂಕಿಯಿದೆ. ಕ್ರಿ.ಪೂ. 3ನೆಯ ಶತಮಾನದ ಕವಿ ಅಪೊಲೊನಿಯಸ್ ತನ್ನ ‘ಆರ್ಗೊನಾಟಿಕಾ’ ಕಾವ್ಯದ 4ನೆಯ ಸರ್ಗದಲ್ಲಿ ಹೇಳುವಂತೆ, ಥೆಟಿಸ್ ರಾತ್ರಿಯ ಹೊತ್ತು ಮಗುವಿನ ಮರ್ತ್ಯಾಂಶವನ್ನು ಬೆಂಕಿಯಲ್ಲಿ ಸುಡುತ್ತಿದ್ದಳು, ಹಗಲು ಅದರ ಮೈಗೆ ದೇವತೆಗಳ ಅಮೃತವನ್ನು ಲೇಪಿಸುತ್ತಿದ್ದಳು. ಒಂದು ರಾತ್ರಿ ಗಂಡ ಪೆಲಿಯಸ್ ಎಚ್ಚೆತ್ತು, ಉರಿಯಲ್ಲಿ ಒದ್ದಾಡುತ್ತಿರುವ ಮಗನನ್ನು ಕಂಡು ಕೂಗಿಕೊಂಡ. ಅವಳು ಮಗುವನ್ನು ನೆಲಕ್ಕೆ ಎಸೆದು, ಸಮುದ್ರಕ್ಕೆ ಹಾರಿ, ಮತ್ತೆಂದೂ ಮನೆಗೆ ಮರಳಲಿಲ್ಲ. ಇದಕ್ಕಿಂತ ಹಳೆಯದಾದ ಡಿಮೀಟರ್ ದೇವಿಯ ಸ್ತೋತ್ರಕಾವ್ಯದಲ್ಲಿ ಎಲ್ಯೂಸಿಸ್ ಊರಿನ ಅರಸುಮಗು ಡೆಮೊಫೋನನ ವಿಷಯದಲ್ಲೂ ಇದೇ ನಡೆಯುತ್ತದೆ. ಅಲ್ಲಿ ಮಗುವನ್ನು ಬೆಂಕಿಯಲ್ಲಿಡುವವಳು ಡಿಮೀಟರ್, ಕಂಡು ಚೀರುವವಳು ಹೆತ್ತ ತಾಯಿ. ಎರಡು ಕಥೆಗಳಲ್ಲೂ ಮನುಷ್ಯರ ಕಣ್ಣು ಬಿದ್ದು ಕೆಲಸ ಅರ್ಧಕ್ಕೆ ನಿಂತಿತು, ಮಗು ಮರ್ತ್ಯವಾಗಿಯೇ ಉಳಿಯಿತು. ಒಂದು ಭಾಗ ಬಿಟ್ಟು ಉಳಿದ ಮೈ ಅಭೇದ್ಯವಾಯಿತೆಂಬ ಮಾತು ಇಲ್ಲಿಯೂ ಇಲ್ಲ.

ಸ್ಟಿಕ್ಸ್ ನದಿಯಲ್ಲಿ ಅದ್ದಿದ ಸಂಗತಿಯನ್ನು ಸ್ಪಷ್ಟವಾಗಿ ಹೇಳುವ, ಇಂದು ಉಳಿದಿರುವ ಅತ್ಯಂತ ಹಳೆಯ ಕಾವ್ಯ ಗ್ರೀಕ್ ಭಾಷೆಯದೇ ಅಲ್ಲ. ಅದು ಕ್ರಿ.ಶ. 1ನೆಯ ಶತಮಾನದ ಕೊನೆಯಲ್ಲಿ ರೋಮನ್ ಕವಿ ಸ್ಟೇಟಿಯಸ್ ಲ್ಯಾಟಿನ್‌ನಲ್ಲಿ ಬರೆಯತೊಡಗಿ, ಮುಗಿಸದೆ ಬಿಟ್ಟುಹೋದ ‘ಅಕಿಲೀಡ್’. ಹೋಮರನ ಕಾವ್ಯಗಳು ರೂಪುಗೊಂಡದ್ದು ಕ್ರಿ.ಪೂ. 8ನೆಯ ಶತಮಾನದ ಆಸುಪಾಸಿನಲ್ಲಿ ಎಂದು ಸಾಮಾನ್ಯವಾಗಿ ಎಣಿಸುವುದರಿಂದ, ನಡುವಿನ ಅಂತರ ಸುಮಾರು 800 ವರ್ಷ. ಸ್ಟೇಟಿಯಸನ ಥೆಟಿಸ್, ನಿನ್ನನ್ನು ಸ್ಟಿಕ್ಸ್‌ನ ನೀರಿನಿಂದ ಕಾಪಾಡಿದೆ, ಅಯ್ಯೋ, ಪೂರ್ತಿಯಾಗಿ ಕಾಪಾಡಿದ್ದರೆ ಎಂದು ಮಗನೆದುರು ಕೊರಗುತ್ತಾಳೆ. ಉಳಿದುಹೋದ ಭಾಗ ಯಾವುದೆಂದು ಅಲ್ಲಿ ಅವಳು ಹೇಳುವುದಿಲ್ಲ. ಹೈಜಿನಸನ ಹೆಸರಿನಲ್ಲಿರುವ ಲ್ಯಾಟಿನ್ ಕಥಾಸಂಗ್ರಹದಲ್ಲಿ, ಅಪೊಲೊ ಪ್ಯಾರಿಸನ ವೇಷದಲ್ಲಿ ಬಂದು, ಮರ್ತ್ಯವೆಂದು ಹೇಳಲಾಗುತ್ತಿದ್ದ ಕಾಲಿನ ಭಾಗಕ್ಕೆ ಬಾಣ ಹೊಡೆದನೆಂದಿದೆ. ಮುಂದೆ ಕ್ರಿ.ಶ. 400ರ ಸುಮಾರಿಗೆ ವರ್ಜಿಲನ ಕಾವ್ಯಕ್ಕೆ ವ್ಯಾಖ್ಯಾನ ಬರೆದ ಸರ್ವಿಯಸ್, ತಾಯಿ ಸ್ಟಿಕ್ಸ್‌ನಲ್ಲಿ ಅದ್ದಿದ್ದರಿಂದ ಅವಳು ಹಿಡಿದ ಭಾಗವೊಂದನ್ನು ಬಿಟ್ಟು ಅವನ ಮೈಯೆಲ್ಲ ಅಭೇದ್ಯವಾಯಿತೆಂದು ಬರೆದ. ಹೀಗೆ ಕಾಲಿನ ಗಾಯ ಮೊದಲು ಬಂತು. ಕಾಲಿಗೆ ತಗುಲಿದ ಬಾಣದಿಂದ ಮಹಾವೀರನೊಬ್ಬ ಸತ್ತದ್ದಾದರೂ ಹೇಗೆ ಎಂಬ ನಂತರದವರ ಪ್ರಶ್ನೆಗೆ ಉತ್ತರವಾಗಿ ಅಭೇದ್ಯವಾದ ಮೈ ಆಮೇಲೆ ಬಂತು.

ಇಂಥ ಬೆಳವಣಿಗೆ ಅಕಿಲೀಸನೊಬ್ಬನಿಗೇ ಆದದ್ದಲ್ಲ. ಅವನ ಶವವನ್ನು ಹೆಗಲ ಮೇಲೆ ಹೊತ್ತು ತಂದ ಗ್ರೀಕ್ ವೀರ ಅಜಾಕ್ಸ್ ಇಲಿಯಡ್‌ನಲ್ಲಿ ಸಾಮಾನ್ಯ ಮೈಯುಳ್ಳವನೇ. ಮುಂದಿನ ಕಥೆಗಳು ಅವನನ್ನೂ ಅಭೇದ್ಯನನ್ನಾಗಿ ಮಾಡಿದವು. ಗ್ರೀಕ್ ನಾಟಕಕಾರ ಈಸ್ಕಿಲಸನ ಕಳೆದುಹೋದ ನಾಟಕವೊಂದರಲ್ಲಿ ಅವನು ಆತ್ಮಹತ್ಯೆಗೆ ಯತ್ನಿಸಿದಾಗ ಕತ್ತಿ ಬಿಲ್ಲಿನಂತೆ ಬಾಗಿತೆಂದೂ, ದೇವತೆಯೊಬ್ಬಳು ನಾಟುವ ಜಾಗವನ್ನು ತೋರಿಸಿಕೊಡಬೇಕಾಯಿತೆಂದೂ ಪ್ರಾಚೀನ ವ್ಯಾಖ್ಯಾನಕಾರರು ತಿಳಿಸುತ್ತಾರೆ. ಇನ್ನೊಬ್ಬ ನಾಟಕಕಾರ ಸೊಫೊಕ್ಲಿಸ್ ಮಾತ್ರ ಈ ಪವಾಡವನ್ನು ಬದಿಗಿಟ್ಟು, ಹೆಕ್ಟರ್ ಕೊಟ್ಟಿದ್ದ ಕತ್ತಿಯನ್ನು ನೆಲದಲ್ಲಿ ನೆಟ್ಟು ಅದರ ಮೇಲೆ ಬೀಳುವ ಅಜಾಕ್ಸನನ್ನು ಚಿತ್ರಿಸಿದ. ಕನ್ನಡಿಗರಿಗೆ ಈ ಅಜಾಕ್ಸ್ ಪೂರ್ತಿ ಅಪರಿಚಿತನಲ್ಲ, ಬಿ.ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ ನಾಟಕ ಸೊಫೊಕ್ಲಿಸನ ಆ ಕೃತಿಯನ್ನೇ ಆಧರಿಸಿ ಹುಟ್ಟಿದ್ದು.

ಪಾದಕ್ಕೆ ಬಾಣ ಎಂದೊಡನೆ ನಮ್ಮ ಓದುಗರು ಶ್ರೀಕೃಷ್ಣನನ್ನೂ ಬೇಡ ಜರನನ್ನೂ ನೆನೆಯುತ್ತಾರೆ. ಮಹಾಭಾರತದ ಅನುಶಾಸನಪರ್ವದಲ್ಲಿ ದೂರ್ವಾಸರು ಪಾಯಸವನ್ನು ಮೈಗೆ ಬಳಿದುಕೊಳ್ಳಲು ಹೇಳಿದಾಗ ಕೃಷ್ಣ ಅಂಗಾಲುಗಳಿಗೆ ಮಾತ್ರ ಬಳಿಯದೆ ಬಿಟ್ಟನೆಂಬ ಪ್ರಸಂಗವಿದೆ. ಹೋಲಿಕೆ ಬಹಳ ಹತ್ತಿರದ್ದು, ನಿಜ. ಆದರೆ ಹೋಲಿಕೆಯೊಂದನ್ನೇ ಹಿಡಿದು ಯಾರು ಯಾರಿಂದ ಪಡೆದರೆಂದು ತೀರ್ಮಾನಿಸಲಾಗದು.

ಹಿಮ್ಮಡಿಯ ಮೇಲಿನ ದಪ್ಪ ನರಕಟ್ಟಿಗೆ, ಅಂದರೆ ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಕಟ್ಟುವ ಸ್ನಾಯುರಜ್ಜುವಿಗೆ, ಅಕಿಲೀಸನ ಹೆಸರು ಬಂದದ್ದು ಇನ್ನೂ ಈಚೆಗೆ. ಫ್ಲೆಮಿಶ್ ಅಂಗರಚನಾಶಾಸ್ತ್ರಜ್ಞ ಫಿಲಿಪ್ ವರ್ಹೇಯನ್ ತನ್ನ 1693ರ ಗ್ರಂಥದಲ್ಲಿ ಅದನ್ನು ಅಕಿಲೀಸನ ಹುರಿಯೆಂದು ಕರೆದ.

ಹೋಮರನ ಹೆಸರಿನಲ್ಲಿ ಅಕಿಲೀಸನ ಅಂತ್ಯವನ್ನು ಓದಬೇಕೆನ್ನುವವರು ಅವನ ಇನ್ನೊಂದು ಕಾವ್ಯವಾದ ಒಡಿಸ್ಸಿಯ ಕೊನೆಯ ಸರ್ಗವನ್ನು ತೆರೆಯಬೇಕು. ಪಾತಾಳದಲ್ಲಿ ಗ್ರೀಕ್ ಸೇನೆಯ ನಾಯಕ ಅಗಮೆಮ್ನಾನನ ಪ್ರೇತ ಅಕಿಲೀಸನ ಪ್ರೇತಕ್ಕೆ ಅವನ ಅಂತ್ಯಕ್ರಿಯೆಯನ್ನೇ ವರ್ಣಿಸಿ ಹೇಳುತ್ತದೆ. ಅವನ ಶವಕ್ಕಾಗಿ ಇಡೀ ದಿನ ಕಾದಾಟ ನಡೆದದ್ದು, ಥೆಟಿಸ್ ಸಮುದ್ರದ ಅಪ್ಸರೆಯರೊಡನೆ ಮೇಲೆದ್ದು ಬಂದಾಗ ಸೈನಿಕರು ಹೆದರಿ ಹಡಗುಗಳತ್ತ ಓಡಹೊರಟದ್ದು, ದೇವತೆಗಳೂ ಮನುಷ್ಯರೂ 17 ದಿನ ಅತ್ತು 18ನೆಯ ದಿನ ಚಿತೆಗೆ ಬೆಂಕಿಯಿಟ್ಟದ್ದು, ತಾಯಿ ತಂದ ಚಿನ್ನದ ಕಲಶದಲ್ಲಿ ಅವನ ಬಿಳಿಯ ಎಲುಬುಗಳನ್ನು ಪಾಟ್ರೊಕ್ಲಸನ ಎಲುಬುಗಳೊಂದಿಗೆ ಸೇರಿಸಿ ಇಟ್ಟದ್ದು ಎಲ್ಲವೂ ಅಲ್ಲಿದೆ. ಬಾಣ ಎಲ್ಲಿ ನಾಟಿತೆಂಬುದು ಅಲ್ಲಿಯೂ ಇಲ್ಲ. ಹೆಲೆಸ್ಪಾಂಟ್ ಜಲಸಂಧಿಯ ದಡದಲ್ಲಿ, ಅಂದು ಬದುಕಿದ್ದವರಿಗೂ ಮುಂದೆ ಹುಟ್ಟುವವರಿಗೂ ಕಡಲಿನಿಂದ ಬಹುದೂರಕ್ಕೆ ಕಾಣುವಂತೆ, ಅವನ ಗೋರಿಯ ದಿಬ್ಬವನ್ನು ಎತ್ತರಿಸಿ ಕಟ್ಟಿದರೆಂದು ಮಾತ್ರ ಇದೆ.