ಸ್ಟರ್ನಲ್ ಪ್ರಿಕಾಶನ್ಸ್: ಎದೆಮೂಳೆಯ ಜೋಪಾನ ಅಂದರೆ ಏನು?

ಬೈಪಾಸ್ ಅಥವಾ ವಾಲ್ವ್ ಆಪರೇಶನ್ ಆದವರ ಡಿಸ್ಚಾರ್ಜ್ ಚೀಟಿಯಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ ಈ ಮಾತು ಇರುತ್ತದೆ. ಹೃದಯ ತಲುಪಲು ಎದೆಯ ನಡುವಿನ ಚಪ್ಪಟೆ ಮೂಳೆಯನ್ನು ಉದ್ದಕ್ಕೆ ಸೀಳುತ್ತಾರೆ. ಕೆಲಸ ಮುಗಿದ ಮೇಲೆ ಎರಡೂ ಹೋಳುಗಳನ್ನು ಸ್ಟೀಲ್ ತಂತಿಯಿಂದ, ಸಾಮಾನ್ಯವಾಗಿ 6ರಿಂದ 8 ಕಡೆ, ಬಿಗಿಯುತ್ತಾರೆ. ತಂತಿ ಒಳಗೇ ಉಳಿಯುತ್ತದೆ. ಮೂಳೆ ಒಂದಕ್ಕೊಂದು ಕಚ್ಚಿಕೊಳ್ಳಲು 6ರಿಂದ 8 ವಾರ, ಪೂರ್ತಿ ಗಟ್ಟಿಯಾಗಲು ಸುಮಾರು 3 ತಿಂಗಳು. ಕೈ ಮುರಿದರೆ ಪ್ಲಾಸ್ಟರ್ ಹಾಕಬಹುದು. ಎದೆಗೆ ಹಾಕುವ ಹಾಗಿಲ್ಲ, ಉಸಿರಾಡಬೇಕಲ್ಲ. ಆ ಅವಧಿಯಲ್ಲಿ ಕೈ, ಹೆಗಲು, ಕೆಮ್ಮು ಎಲ್ಲವನ್ನೂ ಹಿಡಿತದಲ್ಲಿಡುವ ನಿಯಮಗಳಿಗೇ ಸ್ಟರ್ನಲ್ ಪ್ರಿಕಾಶನ್ಸ್ ಎನ್ನುತ್ತಾರೆ.

ತೊಂದರೆ ಶುರುವಾಗುವುದು ಹೆಚ್ಚಾಗಿ ನೋವು ಇಳಿದ ಮೇಲೆ. ಮೂರು ನಾಲ್ಕು ವಾರಕ್ಕೆ ಹಲವರಿಗೆ ನೋವು ಬಹಳ ಕಡಿಮೆಯಾಗಿರುತ್ತದೆ, ಮೂಳೆ ಮಾತ್ರ ಇನ್ನೂ ಹಸಿ. ಆಗಲೇ ‘ಈಗ ಅಡ್ಡಿಲ್ಲ’ ಎಂದು ಬಾವಿಗೆ ಕೊಡ ಇಳಿಸುವುದು, ಅಡಿಕೆ ಮೂಟೆಗೆ ಕೈ ಹಾಕುವುದು. ಭಾರದ ಮಿತಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ; ಸಾಮಾನ್ಯವಾಗಿ 2ರಿಂದ 4 ಕಿಲೋ. ತುಂಬಿದ ಕೊಡ 10 ಕಿಲೋ ಮೀರುತ್ತದೆ. ಭಾರಕ್ಕಿಂತ ಮೋಸದ್ದು ಒಂದೇ ಕೈಯ ಜಗ್ಗಾಟ: ಮಳೆಗಾಲದಲ್ಲಿ ಉಬ್ಬಿ ಕೂತ ಬಾಗಿಲನ್ನು ದೂಡುವುದು, ಬಸ್ಸಿನ ಸರಳು ಹಿಡಿದು ಮೈ ಎತ್ತಿಕೊಳ್ಳುವುದು, ಸ್ಕೂಟರನ್ನು ಸ್ಟ್ಯಾಂಡಿಗೆ ಎಳೆಯುವುದು. ಎದೆಯ ಸ್ನಾಯು ಒಂದು ಹೋಳನ್ನು ಮಾತ್ರ ಎಳೆದಾಗ ತಂತಿ ಮೂಳೆಯನ್ನು ಕೊಯ್ಯಬಹುದು.

ಹಾಗಂತ ಕೈಯನ್ನೇ ಅಲ್ಲಾಡಿಸದೆ ಕೂತರೆ ಹೆಗಲು ಹಿಡಿದುಕೊಳ್ಳುತ್ತದೆ. ಮೊಣಕೈ ಪಕ್ಕೆಗೆ ತಾಗಿಸಿಕೊಂಡು, ನೋವಾಗದ ಮಟ್ಟಿಗೆ, ತಲೆ ಬಾಚುವುದು, ಅಂಗಿ ತೊಡುವುದು ಮಾಡಬಹುದು, ಮಾಡಲೇಬೇಕು.

ಹಾಸಿಗೆಯಿಂದ ಏಳುವುದನ್ನು ಮನೆಯವರೂ ಕಲಿಯಬೇಕು. ಮೊದಲು ಮೊಣಕಾಲು ಮಡಚಿ. ಹೆಗಲು, ಸೊಂಟ ಒಟ್ಟಿಗೇ ಹೊರಳುವಂತೆ ಪಕ್ಕಕ್ಕೆ ತಿರುಗಿ. ಕೈಗಳು ಎದೆಯ ಮೇಲಿನ ದಿಂಬನ್ನು ತಬ್ಬಿರಲಿ. ಕಾಲು ಮಂಚದಿಂದ ಕೆಳಗೆ ಬಿಡುವಾಗ ಆ ಭಾರಕ್ಕೇ ಮೈ ಮೇಲೇಳುತ್ತದೆ. ಸಹಾಯಕ್ಕೆ ನಿಂತವರು ಬೆನ್ನ ಹಿಂದೆ ಕೈ ಕೊಡಲಿ. ರಟ್ಟೆ ಹಿಡಿದು ಎಳೆಯಬಾರದು. ಕೆಳಗೆ ಹಾಸಿಕೊಂಡು ಮಲಗುವುದು, ನೆಲಮಟ್ಟದ ಪಾಯಖಾನೆ ಎರಡೂ ಸದ್ಯಕ್ಕೆ ಬೇಡ: ಏಳುವಾಗ ಕೈಯೂರಲೇಬೇಕಾಗುತ್ತದೆ.

ಅದೇ ದಿಂಬು ಕೆಮ್ಮಿಗೂ ಬೇಕು. ಎದೆಗೆ ಒತ್ತಿ ಹಿಡಿದು ಕೆಮ್ಮಿದರೆ ಮೂಳೆಯ ಮೇಲಿನ ಜಗ್ಗು ತಗ್ಗುತ್ತದೆ. ನೋವಿಗೆ ಹೆದರಿ ಕೆಮ್ಮದಿದ್ದರೆ ಕಫ ಕೂತು ನ್ಯುಮೋನಿಯಾ ಆಗುವ ಅಪಾಯವಿದೆ. ನೋವಿನ ಮಾತ್ರೆ ಕೊಡುವ ದೊಡ್ಡ ಕಾರಣವೇ ಇದು. ಆಳವಾಗಿ ಉಸಿರೆಳೆಯಬೇಕು, ಕೆಮ್ಮಬೇಕು, ನಡೆಯಬೇಕು. ಆದ್ದರಿಂದ ನೋವು ಏರುವ ತನಕ ಕಾಯದೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಆದರೆ ಒಳ್ಳೆಯದು.

ಸಾಮಾನ್ಯವಾಗಿ ಬರೆಯುವುದು ಪ್ಯಾರಾಸಿಟಮಾಲ್. ಶೀತದ ಮಾತ್ರೆಯಲ್ಲೂ ಅದೇ ಇರುವುದರಿಂದ ಎರಡನ್ನೂ ಕೂಡಿಸಿ ನುಂಗಬೇಡಿ. ಅದಕ್ಕಿಂತ ಜೋರಾದ ನೋವಿನ ಮಾತ್ರೆ ಟ್ರಮಡಾಲ್ ಇದ್ದರೆ ಮಲ ಕಟ್ಟಬಹುದು. ತಿಣುಕಿದರೆ ಎದೆಗೂ ತ್ರಾಸು, ಮೊದಲ ದಿನದಿಂದಲೇ ಅದಕ್ಕೂ ಔಷಧ ಕೇಳಿ. ಬೈಪಾಸ್ ಆದವರು ಡೈಕ್ಲೋಫೆನಾಕ್, ಐಬುಪ್ರೊಫೆನ್ ಗುಂಪಿನ ಮಾತ್ರೆಯನ್ನು ಅಂಗಡಿಯಿಂದ ತಾವಾಗಿ ತಂದು ನುಂಗಲೇಬಾರದು: ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ವಾಲ್ವ್ ಆಗಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವರಿಗೆ ಅವುಗಳಿಂದ ರಕ್ತಸ್ರಾವದ ಅಪಾಯ. ನಾಟಿ ಕಷಾಯವನ್ನೂ ಡಾಕ್ಟರಿಗೆ ಹೇಳದೆ ಶುರು ಮಾಡಬೇಡಿ.

ಬೆನ್ನು, ಹೆಗಲು ನೋಯುತ್ತದಲ್ಲ ಎಂದು ಹೆದರುವವರು ಬಹಳ. ಆಪರೇಶನ್ನಿನಲ್ಲಿ ಗಂಟೆಗಟ್ಟಲೆ ಎದೆಗೂಡನ್ನು ಅಗಲಿಸಿ ಹಿಡಿದಿದ್ದರಿಂದ ಪಕ್ಕೆಲುಬಿನ ಕೀಲುಗಳು ನೊಂದಿರುತ್ತವೆ. ಬೈಪಾಸಿನಲ್ಲಿ ಹೃದಯಕ್ಕೆ ಜೋಡಿಸಲೆಂದು ಎದೆಯ ಒಳಗಿನ ರಕ್ತನಾಳ ತೆಗೆದ ಎಡಗಡೆ ಜೋಮು, ಕಾಲಿನಿಂದ ನಾಳ ತೆಗೆದಲ್ಲಿ ಬಾವು ತಿಂಗಳುಗಟ್ಟಲೆ ಇರಬಹುದು. ಕೂತಾಗ ಕಾಲು ಎತ್ತರಕ್ಕಿಡಿ.

ಕರಾವಳಿಯ ಸೆಕೆಯಲ್ಲಿ ಗಾಯ ಬೆವರಿ ನೆನೆಯುತ್ತದೆ. ಸಾದಾ ಸೋಪು ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ; ಎಣ್ಣೆ, ಅರಿಸಿನ ಹಚ್ಚಬೇಡಿ. ಹೆಂಗಸರಲ್ಲಿ ಎದೆಯ ಭಾರವೇ ಹೊಲಿಗೆಯನ್ನು ಜಗ್ಗುತ್ತದೆ. ಮುಂದೆ ಗುಂಡಿಯಿರುವ ಮೆತ್ತನೆಯ ಹತ್ತಿ ಬ್ರಾ ಹಗಲೂ ರಾತ್ರಿಯೂ ಇರಲಿ.

ಮಂಗಳೂರು, ಮಣಿಪಾಲದಿಂದ ಕಾರವಾರಕ್ಕೋ, ದೇವಿಮನೆ ಘಟ್ಟ ಹತ್ತಿ ಶಿರಸಿಗೋ ಬರುವವರು ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಬೆಲ್ಟಿಗೂ ಎದೆಗೂ ನಡುವೆ ಮಡಚಿದ ಟವೆಲ್ ಇಟ್ಟುಕೊಳ್ಳಿ. ಬೆಲ್ಟ್ ಬಿಡಬೇಡಿ. ತಾಸಿಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಿ.

ಕೆಮ್ಮಿದಾಗ ಮೂಳೆ ‘ಕಟ್’ ಎಂದು ಸರಿದಂತಾದರೆ, ಗಾಯದಿಂದ ಕೀವು ಬಂದರೆ, ಜ್ವರ 100.4 ಡಿಗ್ರಿ ದಾಟಿದರೆ ಅದೇ ದಿನ ಆಪರೇಶನ್ ಮಾಡಿದ ತಂಡಕ್ಕೆ ಫೋನ್ ಮಾಡಿ. ಒಂದೇ ದಿನಕ್ಕೆ ತೂಕ ಕಿಲೋ ಮೇಲೆ ಏರಿದರೂ ಹಾಗೆಯೇ. ಮೈಯಲ್ಲಿ ನೀರು ನಿಂತಿರಬಹುದು. ಗಂಜಿಯ ಜೊತೆಗಿನ ಒಣಮೀನು, ಅಪ್ಪೆಮಿಡಿ ಉಪ್ಪಿನಕಾಯಿಯ ಉಪ್ಪು ಅದಕ್ಕೆ ಕಾರಣವಿದ್ದರೂ ಇರಬಹುದು. ಎದೆ ಹಿಸುಕಿದಂತಾಗಿ ಬೆವರು, ಉಸಿರುಕಟ್ಟು ಬಂದರೆ ಮಾತ್ರ ಫೋನಿನಲ್ಲಿ ಸಲಹೆ ಕೇಳುತ್ತ ಕೂರದೆ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆ ಸೇರಿ. ಡಿಸ್ಚಾರ್ಜ್ ಚೀಟಿಯ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ.