‘ಲಿನಕ್ಸ್ ಓಡುತ್ತೆ’ ಅಂದರೆ ಸಾಲದು

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ನನ್ನ ಸರ್ವಿಸ್ ಅಂಗಡಿಗೆ ಒಂದು ಹ್ಯಾಂಡ್‌ಹೆಲ್ಡ್ ತಂದ. ಕೈಯಲ್ಲಿ ಹಿಡಿದು ಗೇಮ್ ಆಡುವ ಪುಟ್ಟ ಪಿಸಿ. “ಸರ್, ರಾತ್ರಿ ಸ್ಲೀಪ್‌ಗೆ ಹಾಕಿ ಬ್ಯಾಗಲ್ಲಿ ಇಟ್ಟಿದ್ದೆ. ಬೆಳಿಗ್ಗೆ ತೆಗೆದರೆ ದೋಸೆ ಕಾವಲಿ ಥರ ಸುಡ್ತಿತ್ತು. ಬ್ಯಾಟರಿ ಪೂರ್ತಿ ಖಾಲಿ” ಅಂದ. ಹಿಂಬದಿಯ ಎರಡು ಬಟನ್ ಕೂಡ ವಾರದಿಂದ ಕೆಲಸ ಮಾಡುತ್ತಿರಲಿಲ್ಲ. ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಂಡಿದ್ದ, ಅದು ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಲಿನಕ್ಸ್ ಕೂಡ ಓಡುತ್ತೆ ಅಂತ ಆ ಕಂಪನಿಯ ಜಾಹೀರಾತೇ ಹೇಳಿತ್ತು. ಆದರೆ ದೂರು ಕೊಟ್ಟಾಗ ಬಂದ ಉತ್ತರ: ನಮ್ಮ ಹೊಣೆ ವಿಂಡೋಸ್‌ಗೆ ಮಾತ್ರ.

ಓಡುವುದು ಬೇರೆ, ಹೊಣೆ ಹೊರುವುದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಜನ ದುಡ್ಡು ಕಳೆದುಕೊಳ್ಳುವುದನ್ನು ನೋಡಿ ಬೇಜಾರಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈಗ ಬರುವ ಬಹುತೇಕ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಇರುವುದು ಎಎಂಡಿ ಚಿಪ್. ಅದರ ಗ್ರಾಫಿಕ್ಸ್ ಡ್ರೈವರ್, ಅಂದರೆ ಆ ಭಾಗವನ್ನು ನಡೆಸುವ ಸಾಫ್ಟ್‌ವೇರ್, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಇದೆ. ಹಾಗಾಗಿ ಲಿನಕ್ಸ್ ಹಾಕಿದ ಕೂಡಲೇ ಪರದೆ ಬರುತ್ತದೆ, ಗೇಮ್ ಓಡುತ್ತದೆ. ಇದಕ್ಕೆ ಹ್ಯಾಂಡ್‌ಹೆಲ್ಡ್ ಮಾಡಿದ ಕಂಪನಿ ಏನೂ ಮಾಡಬೇಕಾಗಿಲ್ಲ. ತೊಂದರೆ ಇರುವುದು ಆ ಕಂಪನಿ ತಾನೇ ಸೇರಿಸಿದ ಭಾಗಗಳಲ್ಲಿ. ಹಿಂಬದಿ ಬಟನ್, ಫ್ಯಾನ್‌ನ ವೇಗ, ಚಾರ್ಜ್‌ಗೆ ಮಿತಿ ಹಾಕುವುದು, ಎಷ್ಟು ವ್ಯಾಟ್ ಕರೆಂಟ್ ಎಳೆಯಬೇಕು ಅನ್ನುವುದು. ಇವಕ್ಕೆ ಒಂದೊಂದು ಕಂಪನಿಯದು ಒಂದೊಂದು ಭಾಷೆ. ಆ ಭಾಷೆ ಹೀಗಿದೆ ಅಂತ ಬರೆದು ಕೊಡುವವರು ಕಡಿಮೆ.

ಹುಡುಗನ ಮಷಿನ್‌ನಲ್ಲಿ ಆಗಿದ್ದೂ ಇದೇ. ಬಟನ್‌ಗಳನ್ನು ನೋಡಿಕೊಳ್ಳುವುದು ಒಳಗಿರುವ ಒಂದು ಪುಟ್ಟ ಚಿಪ್. ಅದು ಯುಎಸ್‌ಬಿ ಮೂಲಕ ಸಾಲುಸಾಲು ಅಂಕಿ ಕಳಿಸುತ್ತಿರುತ್ತದೆ. ನಾನು ಆ ಸಾಲುಗಳನ್ನು ಪರದೆ ಮೇಲೆ ತೆರೆದಿಟ್ಟು ಎಡಗಡೆ ಹಿಂಬದಿ ಬಟನ್ ಒತ್ತಿದೆ. ಡ್ರೈವರ್ ಕಾಯುತ್ತಿದ್ದದ್ದು ಆರನೇ ಅಂಕಿಗೆ. ಬದಲಾಗಿದ್ದು ಎಂಟನೆಯದು. ಹಿಂದಿನ ವಾರ ಅವನು ಕಂಪನಿಯ ಹೊಸ ಫರ್ಮ್‌ವೇರ್, ಅಂದರೆ ಆ ಚಿಪ್‌ನ ಒಳಗೇ ಕೂರುವ ಸಾಫ್ಟ್‌ವೇರ್, ಹಾಕಿದ್ದ. ಅದರಲ್ಲಿ ಜಾಗ ಬದಲಾಗಿತ್ತು, ಯಾರಿಗೂ ಹೇಳಿರಲಿಲ್ಲ. ಬಟನ್ ಗಟ್ಟಿಮುಟ್ಟಾಗೇ ಇತ್ತು.

ಬಿಸಿಯಾಗಿದ್ದಕ್ಕೂ ಅದೇ ಚಿಪ್ ಕಾರಣ. ಸ್ಲೀಪ್‌ನಲ್ಲಿರುವ ಮಷಿನ್‌ ಅನ್ನು ಎಬ್ಬಿಸುವ ಅಧಿಕಾರ ಅದಕ್ಕಿತ್ತು. ಬ್ಯಾಗಿನಲ್ಲಿ ಯಾವುದೋ ಪುಸ್ತಕ ಬಟನ್‌ಗೆ ತಾಗಿದೆ, ಮಷಿನ್ ಎದ್ದಿದೆ, ಗಾಳಿ ಆಡದ ಜಾಗದಲ್ಲಿ ಬ್ಯಾಟರಿ ಮುಗಿಯುವವರೆಗೂ ಗೇಮ್ ಓಡಿದೆ. ಮಷಿನ್ ತಾನೇ ಬರೆದಿಡುವ ಲಾಗ್ ತೆಗೆದು ನೋಡಿದರೆ, ಬೆಳಗಿನ ಜಾವ ಎದ್ದಿತ್ತು. ಆ ಅಧಿಕಾರ ತೆಗೆದುಹಾಕಿದೆ. ಒಂದೇ ಸಾಲಿನ ಕೆಲಸ. ಮಾಡಿದವರೇ ಅಂಗಡಿಗೆ ಕಳಿಸುವ ಮೊದಲು ಒಂದು ರಾತ್ರಿ ಬ್ಯಾಗಲ್ಲಿಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು, ಅಲ್ವಾ?

ಈ ವಿಷಯದಲ್ಲಿ, ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ ಮೇಲೆ ಜನ ಇಟ್ಟಿರುವ ನಂಬಿಕೆ ಸುಮ್ನೆ ಬಂದದ್ದಲ್ಲ. 2015ರಲ್ಲಿ ಬಂದ ಅವರ ಸ್ಟೀಮ್ ಮಷಿನ್, ಲಿನಕ್ಸ್ ಮೇಲೆ ಗೇಮ್ ಓಡಿಸುವ ಪಿಸಿ ಪೆಟ್ಟಿಗೆ, ಸೋತಿತು. ಪೆಟ್ಟಿಗೆ ಮಾಡಿದವರು ಬೇರೆ ಬೇರೆ ಕಂಪನಿಗಳು, ಲಿನಕ್ಸ್‌ನಲ್ಲಿ ಓಡುವ ಗೇಮ್‌ಗಳೂ ಕಡಿಮೆ. ಅಲ್ಲಿಗೇ ಕೈಬಿಡಬಹುದಿತ್ತು. ಬಿಡಲಿಲ್ಲ. 2018ರಲ್ಲಿ ಪ್ರೋಟಾನ್ ತಂದರು. ವಿಂಡೋಸ್‌ಗಾಗಿ ಬರೆದ ಗೇಮ್ ಆಡುವ ಮಾತನ್ನು ಲಿನಕ್ಸ್‌ಗೆ ಅರ್ಥವಾಗುವಂತೆ ತಿರುಗಿಸಿ ಹೇಳುವ ಸಾಫ್ಟ್‌ವೇರ್ ಅದು. 2022ರ ಫೆಬ್ರವರಿಯಲ್ಲಿ ಅವರದೇ ಹ್ಯಾಂಡ್‌ಹೆಲ್ಡ್ ಸ್ಟೀಮ್ ಡೆಕ್ ಬಂದಾಗ ಮಷಿನ್, ಲಿನಕ್ಸ್ ಮೇಲೆ ಕಟ್ಟಿದ ಸ್ಟೀಮ್‌ಒಎಸ್ ಅನ್ನುವ ಆಪರೇಟಿಂಗ್ ಸಿಸ್ಟಮ್, ಮಷಿನ್ ಆನ್ ಆದಾಗ ಮೊದಲು ಓಡುವ ಬಯೋಸ್‌ನ ಅಪ್‌ಡೇಟ್ ಎಲ್ಲದರ ಹೊಣೆಯೂ ಒಂದೇ ಮನೆಯದಾಗಿತ್ತು. ಬಿಡುಗಡೆಗೆ ಮೊದಲೇ ಅದನ್ನು ಬಿಚ್ಚುವುದು ಹೇಗೆ, ಎಲ್ಲಿ ಹುಷಾರಾಗಿರಬೇಕು ಅಂತ ವಿಡಿಯೊ ಮಾಡಿ ತೋರಿಸಿದರು. ಹೊರಕವಚದ ಅಳತೆ ನಕ್ಷೆ ಇರುವ ಕ್ಯಾಡ್ ಫೈಲ್ ಕೊಟ್ಟರು. ರಿಪೇರಿ ಸಾಮಾನು ಮಾರುವ ಐಫಿಕ್ಸ್‌ಇಟ್ ಕಂಪನಿ ಮೂಲಕ ಬಿಡಿಭಾಗ ಮಾರಿಸಿದರು. ರಿಪೇರಿ ಮಾಡುವ ನನಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಮಾತಲ್ಲಿ ಹೇಳಲಾರೆ. ಜಾಯ್‌ಸ್ಟಿಕ್ ಹಾಳಾದರೆ ಜಾಯ್‌ಸ್ಟಿಕ್ ಮಾತ್ರ ಬದಲಿಸಿದರೆ ಸಾಕು.

ಆದರೆ ನಮ್ಮ ಕಷ್ಟ ಬೇರೆ. ಸ್ಟೀಮ್ ಡೆಕ್ ಅನ್ನು ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಇಲ್ಲಿ ಕಾಣುವವು ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಬಂದವು, ಇಲ್ಲವೇ ತರಿಸಿ ಮಾರುವವರ ಕೈಯಿಂದ ಬಂದವು. ಇಲ್ಲಿ ವಾರಂಟಿ ಇಲ್ಲ. ಬಿಲ್ ಸಮೇತ ಸಿಗುವವು ಹೆಚ್ಚಾಗಿ ವಿಂಡೋಸ್ ಮಷಿನ್‌ಗಳು. 2023ರಲ್ಲಿ ಆಸುಸ್‌ನ ಹ್ಯಾಂಡ್‌ಹೆಲ್ಡ್ ಆರ್‌ಒಜಿ ಆಲೈ ಇಲ್ಲಿಗೆ ಬಂದಾಗ ಬೆಲೆ 69,990 ರೂಪಾಯಿ. ಅಷ್ಟು ಕೊಟ್ಟು ತಂದು, ಆಮೇಲೆ ಲಿನಕ್ಸ್ ಹಾಕುವವರು ಜಾಸ್ತಿಯಾಗುತ್ತಿದ್ದಾರೆ. ಚಿಕ್ಕ ಪರದೆಯಲ್ಲಿ ವಿಂಡೋಸ್‌ನ ಸಣ್ಣ ಸಣ್ಣ ಬಟನ್ ಒತ್ತುವ ಗೋಳು ನನಗೂ ಗೊತ್ತು, ತಪ್ಪು ಅನ್ನಲಾರೆ.

ಹೆಸರುಗಳ ಬಗ್ಗೆ ಎಚ್ಚರ ಬೇಕು. 2024ರ ಜನವರಿಯಲ್ಲಿ ಅಯಾನಿಯೊ ಕಂಪನಿ ತನ್ನ ಹ್ಯಾಂಡ್‌ಹೆಲ್ಡ್ ನೆಕ್ಸ್ಟ್ ಲೈಟ್‌ನಲ್ಲಿ ಸ್ಟೀಮ್‌ಒಎಸ್ ಇರುತ್ತದೆ ಅಂತ ಹೇಳಿತು. ಆಮೇಲೆ ಗೊತ್ತಾಯಿತು, ಅದು ವಾಲ್ವ್ ಕೊಟ್ಟದ್ದಲ್ಲ, ಹೊರಗಿನವರು ಕಟ್ಟಿದ ಹೋಲೋಐಎಸ್‌ಒ. ಹೋಲೋಐಎಸ್‌ಒ ಕೆಟ್ಟದ್ದು ಅಂತಲ್ಲ. ಆದರೆ ನಾಳೆ ಅಪ್‌ಡೇಟ್ ಕೈಕೊಟ್ಟರೆ ಯಾರನ್ನು ಕೇಳಬೇಕು? ವಾಲ್ವ್‌ನಿಂದ ಲೈಸೆನ್ಸ್ ಪಡೆದು ಸ್ಟೀಮ್‌ಒಎಸ್ ಜೊತೆ ಬಂದ ಮೊದಲ ಹೊರಗಿನ ಹ್ಯಾಂಡ್‌ಹೆಲ್ಡ್ ಲೆನೊವೊದ ಲೀಜನ್ ಗೋ ಎಸ್, ಅದು 2025ರ ಮೇನಲ್ಲಿ.

ಉಳಿದ ಮಷಿನ್‌ಗಳ ಭಾರ ಹೆಚ್ಚಾಗಿ ಹೊರುತ್ತಿರುವವರು ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವ ಜನ. ಗೇಮ್‌ಗಾಗಿ ಸಿದ್ಧಮಾಡಿದ ಲಿನಕ್ಸ್ ಬ್ಯಾಝೈಟ್, ಬಟನ್ ಮತ್ತು ಫ್ಯಾನ್ ನೋಡಿಕೊಳ್ಳುವ ಹ್ಯಾಂಡ್‌ಹೆಲ್ಡ್ ಡೀಮನ್ ಇವರದೇ ಕೈಕೆಲಸ. ನಾನು ಆರನೇ ಅಂಕಿ, ಎಂಟನೇ ಅಂಕಿ ಅಂತ ನೋಡಿದೆನಲ್ಲ, ಅದನ್ನು ಇವರು ಒಂದೊಂದು ಮಾಡೆಲ್‌ಗೂ ಮಾಡಬೇಕು. ಕಂಪನಿಯವರು ಒಂದು ಹಾಳೆ ವಿವರ ಕೊಟ್ಟರೆ ಎಷ್ಟೋ ರಾತ್ರಿಗಳ ಕೆಲಸ ಉಳಿಯುತ್ತದೆ. ಡ್ರೈವರ್ ಅನ್ನು ತಾವೇ ಬರೆದು ಕರ್ನಲ್‌ಗೆ ಸೇರಿಸಿದರೆ ಇನ್ನೂ ಒಳ್ಳೆಯದು. ಇದೇನೂ ದೊಡ್ಡ ಬೇಡಿಕೆ ಅಲ್ಲ. ಡೆಲ್, ಲೆನೊವೊ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್‌ನಲ್ಲೇ ಬಯೋಸ್ ಅಪ್‌ಡೇಟ್ ಬರಲು ಶುರುವಾಗಿ ವರ್ಷಗಳಾದವು.

ಗೇಮ್‌ಗಳ ವಿಷಯ ಒಂದು ಮಾತಿನಲ್ಲಿ: ವ್ಯಾಲೊರಂಟ್ ಆಡುವವರು ಲಿನಕ್ಸ್ ಕಡೆ ಬರಬೇಡಿ, ಅದರ ಮೋಸ ತಡೆಯುವ ಸಾಫ್ಟ್‌ವೇರ್ ವಿಂಡೋಸ್ ಕೇಳುತ್ತದೆ. ಅಪೆಕ್ಸ್ ಲೆಜೆಂಡ್ಸ್ ಸ್ಟೀಮ್ ಡೆಕ್‌ನಲ್ಲಿ ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಗೆ ಅದರ ಕಂಪನಿಯೇ ಲಿನಕ್ಸ್‌ಗೆ ಬಾಗಿಲು ಹಾಕಿತು. ಇದರಲ್ಲಿ ಹ್ಯಾಂಡ್‌ಹೆಲ್ಡ್ ಮಾಡಿದವರ ತಪ್ಪಿಲ್ಲ.

ಹುಡುಗನ ಬಟನ್‌ಗೆ ಮೂರು ವಾರ ಹಿಡಿಯಿತು. ನಾನು ಬರೆದಿಟ್ಟ ಅಂಕಿಗಳನ್ನು ಆ ಡ್ರೈವರ್ ನೋಡಿಕೊಳ್ಳುವವರಿಗೆ ಕಳಿಸಿದ್ದೆ, ಅವರು ತಿದ್ದಿ ಹೊಸದು ಬಿಟ್ಟರು. ಹಾಕಿ ಕೊಟ್ಟಾಗ ಅವನು ಕೌಂಟರ್ ಮುಂದೆಯೇ ನಿಂತು ಎರಡೂ ಬಟನ್ ಹತ್ತಾರು ಸಲ ಒತ್ತಿ ನೋಡಿದ. ಆಮೇಲೆ ಫೋನ್ ತೆಗೆದು ತೋರಿಸಿದ. “ಸರ್, ಕಂಪನಿಯಿಂದ ಇನ್ನೊಂದು ಫರ್ಮ್‌ವೇರ್ ಬಂದಿದೆ. ಹಾಕ್ಲಾ?” ಏನೇನು ಬದಲಾಗಿದೆ ಅಂತ ಓದೋಣ, ಆಮೇಲೆ ಹಾಕು ಅಂದೆ. ತೆರೆದು ನೋಡಿದೆವು. ಇದ್ದದ್ದು ಒಂದೇ ಸಾಲು: ಕೆಲವು ಸುಧಾರಣೆಗಳನ್ನು ಮಾಡಲಾಗಿದೆ. ಹಾಕಬೇಡ ಅಂತ ಹೇಳಿ ಕಳಿಸಿದೆ.