ಗ್ರಂಥಾಲಯದಲ್ಲಿ ವಿಡಿಯೊ ಗೇಮ್: ಡಬ್ಬಿ ಇಟ್ಟರೆ ಸಾಲದು

ಗ್ರಂಥಾಲಯ ವಿಜ್ಞಾನ ಓದುವವರಿಗೆಲ್ಲ ರಂಗನಾಥನ್ ಅವರ ಮೊದಲ ಸೂತ್ರ ಬಾಯಿಪಾಠ: ಪುಸ್ತಕಗಳಿರುವುದು ಬಳಕೆಗೆ. ಇದನ್ನೇ ವಿಡಿಯೊ ಗೇಮಿಗೆ ಹಚ್ಚಿ ನೋಡಿ. ಗೇಮಿನ ಬಳಕೆ ಅಂದರೆ ಆಡುವುದು, ಅಲ್ವಾ? ಆಡಬೇಕಾದರೆ ಗೇಮ್ ತುಂಬಿದ ಕಾರ್ಟ್ರಿಜ್ ಒಂದಿದ್ದರೆ ಆಗದು. ಅದಕ್ಕೆ ಹೊಂದುವ ಕನ್ಸೋಲ್, ಅಂದರೆ ಗೇಮ್ ಓಡಿಸುವ ಯಂತ್ರ ಬೇಕು, ಕಂಟ್ರೋಲರ್ ಬೇಕು, ಕೆಲವಕ್ಕೆ ಟಿವಿಯೂ ಹಳೆಯದೇ ಬೇಕು. ಜಪಾನಿನ ಗೇಮ್ ಕಂಪನಿ ನಿಂಟೆಂಡೊದ 1980ರ ದಶಕದ ಲೈಟ್ ಗನ್ನನ್ನು (ಪರದೆಗೆ ಗುರಿಯಿಡುವ ಆಟದ ಪಿಸ್ತೂಲು) ಪಿಕ್ಚರ್ ಟ್ಯೂಬ್ ಟಿವಿಗೆಂದೇ ಮಾಡಿದ್ದರು. ಈಗಿನ ಎಲ್‌ಇಡಿ ಟಿವಿಗೆ ಅದನ್ನು ಗುರಿಯಿಟ್ಟರೆ ‘ಡಕ್ ಹಂಟ್’ ಗೇಮಿನ ಬಾತುಕೋಳಿ ಬೀಳುವುದೇ ಇಲ್ಲ. ಜಾಸ್ತಿ ಬಳಸಿದರೆ ಹಳೆ ಯಂತ್ರ ಸವೆಯುತ್ತದೆ, ಬಳಸದಿದ್ದರೆ ಸಂಗ್ರಹ ಯಾಕೆ ಬೇಕು? ಈ ಇಕ್ಕಟ್ಟೇ ಇಡೀ ವಿಷಯದ ತಿರುಳು.

ಇದಕ್ಕೆ ಅಮೆರಿಕದ ಎರಡು ವಿಶ್ವವಿದ್ಯಾಲಯಗಳು ಎರಡು ಬಗೆಯ ಉತ್ತರ ಕೊಟ್ಟಿವೆ. ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯ 2008ರಲ್ಲಿ ಕಂಪ್ಯೂಟರ್ ಮತ್ತು ವಿಡಿಯೊ ಗೇಮ್ ಆರ್ಕೈವ್ ತೆರೆಯಿತು. ಅಲ್ಲಿ ಕನ್ಸೋಲ್‌ಗಳು ಟಿವಿಗೆ ಜೋಡಿಸಿಯೇ ಇರುತ್ತವೆ. ಬಂದವರು ಗೇಮ್ ಕೇಳಿ ಪಡೆದು, ಅಲ್ಲೇ ಕೂತು ಆಡಬಹುದು.

ಸ್ಟ್ಯಾನ್‌ಫರ್ಡ್ ದಾರಿ ಬೇರೆ. ಅಲ್ಲಿರುವುದು ಸ್ಟೀಫನ್ ಕ್ಯಾಬ್ರಿನೆಟಿ ಎಂಬ ಸಂಗ್ರಾಹಕನ ಭಂಡಾರ. ಆತ 1995ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. 1998ರಲ್ಲಿ ಸಂಗ್ರಹ ಸ್ಟ್ಯಾನ್‌ಫರ್ಡ್ ಗ್ರಂಥಾಲಯಕ್ಕೆ ಬಂತು. ಸಾವಿರಾರು ಗೇಮ್‌ಗಳು, ಎಷ್ಟೋ ಇನ್ನೂ ಮೂಲ ಡಬ್ಬಿಯಲ್ಲೇ ಇವೆ. ಫ್ಲಾಪಿಯ ಕಾಂತೀಯ ಪದರ ವರ್ಷ ಕಳೆದಂತೆ ಹಾಳಾಗುತ್ತದೆ. ಅದಕ್ಕೇ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಜತೆ ಸೇರಿ ಅದರಲ್ಲಿರುವ ಡಿಜಿಟಲ್ ಮಾಹಿತಿಯ ಒಂದೊಂದು ಬಿಟ್ಟನ್ನೂ ನಕಲು ಮಾಡಿಸಿದರು. ಡಬ್ಬಿಗಳ ಫೋಟೊ ಕೂಡ ತೆಗೆಸಿದರು. ಪರೀಕ್ಷೆಯಲ್ಲಿ 'ಸಂರಕ್ಷಣೆ ಮತ್ತು ಲಭ್ಯತೆ' ಅಂತ ಪ್ರಶ್ನೆ ಬಂದರೆ ಈ ಎರಡನ್ನೂ ಎದುರುಬದುರು ಇಟ್ಟು ಬರೆಯಿರಿ. ನನ್ನ ಮಟ್ಟಿಗೆ ಒಂದಿಲ್ಲದೆ ಇನ್ನೊಂದು ಅರೆಬರೆ.

ಕ್ಯಾಟಲಾಗ್ ವಿಷಯ ಅಷ್ಟು ಕಷ್ಟವಿಲ್ಲ. ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಇದರ ಸಂಖ್ಯೆ 794.8. ಕಂಪ್ಯೂಟರ್ ಕ್ಯಾಟಲಾಗ್ ದಾಖಲೆಯ ನಮೂನೆಯಾದ ಮಾರ್ಕ್ 21ರಲ್ಲಿ 538ನೇ ಫೀಲ್ಡ್ ಮರೆಯಬೇಡಿ, ಯಾವ ಯಂತ್ರದಲ್ಲಿ ಓಡುತ್ತದೆ ಎಂಬುದು ಅಲ್ಲೇ ಬರಬೇಕು. ಅದಿಲ್ಲದ ದಾಖಲೆ ಇದ್ದೂ ಇಲ್ಲದ ಹಾಗೆ.

ನಿಜವಾದ ತಲೆನೋವು ಡೌನ್‌ಲೋಡ್ ಗೇಮ್‌ಗಳದ್ದು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಸಿಗುವುದು ಒಬ್ಬರ ಖಾತೆಗೆ ಕೊಟ್ಟ ಪರವಾನಗಿ ಅಷ್ಟೆ, ಗ್ರಂಥಾಲಯ ಅದನ್ನು ಎರವಲು ಕೊಡುವ ಹಾಗಿಲ್ಲ. ಅಂಗಡಿಯೇ ಮುಚ್ಚುವುದೂ ಉಂಟು. ನಿಂಟೆಂಡೊ 2023ರ ಮಾರ್ಚ್‌ನಲ್ಲಿ ತನ್ನ ವೀ ಯು ಮತ್ತು 3ಡಿಎಸ್ ಕನ್ಸೋಲ್‌ಗಳ ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟ ನಿಲ್ಲಿಸಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಗೇಮ್‌ಗಳನ್ನು ಈಗ ದುಡ್ಡು ಕೊಟ್ಟರೂ ಕೊಳ್ಳಲಾಗದು.

ಕಾನೂನು ಒಂದಿಷ್ಟು ಕೈಹಿಡಿದಿದೆ. ಅಮೆರಿಕದಲ್ಲಿ ಗ್ರಂಥಾಲಯಗಳು ಸಂರಕ್ಷಣೆಗಾಗಿ ಹಳೆ ಗೇಮ್‌ಗಳ ನಕಲು ತಡೆಯುವ ಡಿಜಿಟಲ್ ಬೀಗ ಮುರಿಯಬಹುದು, ಆದರೆ ಆ ಪ್ರತಿ ಕಟ್ಟಡದ ಹೊರಗೆ ಹೋಗಬಾರದು. ಉಳಿದ ಸಾಫ್ಟ್‌ವೇರ್‌ಗೆ ದೂರದಿಂದ ಬಳಸಲು 2021ರಲ್ಲೇ ಅನುಮತಿ ಸಿಕ್ಕಿತು. ಗೇಮ್‌ಗಳಿಗೂ ಅದೇ ಬೇಕೆಂಬ ಕೋರಿಕೆಯನ್ನು 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ತಿರಸ್ಕರಿಸಿತು. ಸಂಶೋಧನೆಯ ಹೆಸರಿನಲ್ಲಿ ಜನ ಸುಮ್ನೆ ಮಜಾಕ್ಕೆ ಆಡಿಬಿಟ್ಟರೆ ಎಂಬ ಭಯವೂ ಆ ತೀರ್ಮಾನದ ಕಾರಣಗಳಲ್ಲಿತ್ತು. ಕಾದಂಬರಿ ಎರವಲು ಪಡೆಯುವವರನ್ನು ಮಾತ್ರ ಯಾರೂ ಹಾಗೆ ಕೇಳುವುದಿಲ್ಲ ನೋಡಿ.